ನಂಬಿಗಸ್ತರ ಹೆಸರಿನಲ್ಲಿ ಬರುವ ಪತ್ರ

ಪ್ರಶ್ನೆ: ಸರ್ಕಾರಿ ಕಚೇರಿಗಳ ಕಂಪ್ಯೂಟರ್‌ಗಳಲ್ಲಿ ಫೈರ್‌ವಾಲ್, ಆಂಟಿವೈರಸ್ ಎಲ್ಲ ಇರುತ್ತವೆ. ಆದರೂ ವಿದೇಶಿ ಗೂಢಚಾರರು ಒಂದು ಇಮೇಲ್ ಕಳಿಸಿ ಒಳಗೆ ನುಗ್ಗುತ್ತಾರಂತೆ. ಓದಿಕೊಂಡ ಅಧಿಕಾರಿಗಳು ಇಷ್ಟು ಸುಲಭವಾಗಿ ಮೋಸಹೋಗುವುದು ಹೇಗೆ?

ಉತ್ತರ: ಸುಲಭವಾಗಿ ಮೋಸಹೋಗುತ್ತಾರೆ ಎಂಬ ಮಾತನ್ನು ನಾನು ಒಪ್ಪಲಾರೆ. ಬಂದ ಪತ್ರವನ್ನು ತೆರೆದು ಓದುವುದೇ ಕಚೇರಿಯಲ್ಲಿ ಕುಳಿತವರ ಕೆಲಸ. ಲಾಟರಿ ಹೊಡೆದಿದೆ ಎಂದು ಲಕ್ಷಾಂತರ ಜನರಿಗೆ ಕಳಿಸುವ ಇಮೇಲ್ ಬೇರೆ, ಇದು ಬೇರೆ. ಸ್ಪಿಯರ್ ಫಿಶಿಂಗ್ ಎಂಬ ಈ ವಂಚನೆ ಮಾಡುವವರು ಒಬ್ಬ ವ್ಯಕ್ತಿಯನ್ನೋ ಒಂದು ಕಚೇರಿಯನ್ನೋ ಆರಿಸಿಕೊಳ್ಳುತ್ತಾರೆ. ಅಲ್ಲಿ ಈಗ ಯಾವ ಕಡತ ನಡೆಯುತ್ತಿದೆ, ಯಾರ ಹೆಸರು ಕಂಡರೆ ಹಿಂದೆಮುಂದೆ ನೋಡದೆ ತೆರೆಯುತ್ತಾರೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ಪತ್ರ ಬರೆಯುತ್ತಾರೆ.

ಧರ್ಮಶಾಲೆಯಲ್ಲಿ ನಡೆದದ್ದನ್ನು ನೋಡಿ. ಬೈಲುಕುಪ್ಪೆ, ಮುಂಡಗೋಡಿನ ಟಿಬೆಟನ್ನರನ್ನು ಬಲ್ಲ ನಮಗೆ ಆ ಊರು ದೂರದ್ದೇನಲ್ಲ. ಅಲ್ಲಿರುವ ದಲೈ ಲಾಮಾ ಅವರ ಕಚೇರಿಯು ವಿದೇಶಿ ರಾಜತಾಂತ್ರಿಕರೊಬ್ಬರಿಗೆ ಇಮೇಲ್‌ನಲ್ಲಿ ಆಹ್ವಾನ ಕಳಿಸಿತ್ತು. ಫೋನ್ ಮಾಡಿ ವಿಚಾರಿಸುವ ಮೊದಲೇ ಚೀನಾ ಸರ್ಕಾರದ ಕಡೆಯವರು ಆ ರಾಜತಾಂತ್ರಿಕರ ಕಚೇರಿಯನ್ನು ಸಂಪರ್ಕಿಸಿ, ಈ ಭೇಟಿ ಬೇಡ ಎಂದು ಎಚ್ಚರಿಸಿದ್ದರು. 2008ರಲ್ಲಿ ಸಂಶೋಧಕರು ಅಲ್ಲಿಗೆ ಹೋಗಿ ಪರೀಕ್ಷಿಸಿದಾಗ ಕಂಪ್ಯೂಟರ್‌ಗಳಿಂದ ಕಡತಗಳು ಹೊರಗೆ ಹರಿದುಹೋಗುತ್ತಿದ್ದವು.

ಟೊರಾಂಟೊದ ಸಂಶೋಧಕರು ಈ ಗೂಢಚಾರ ಜಾಲವನ್ನು ಘೋಸ್ಟ್‌ನೆಟ್ ಎಂದು ಕರೆದು 2009ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಳನುಗ್ಗಲು ಬಳಸಿದಂಥ ಒಂದು ಇಮೇಲ್‌ನ ಮಾದರಿ ಇದೆ. ಕಳಿಸಿದವರ ಜಾಗದಲ್ಲಿ ಟಿಬೆಟ್ ಪರ ಹೋರಾಟದ ಸಂಘಟನೆಯೊಂದರ ವಿಳಾಸ. ಜೊತೆಗೆ ದೇಶಭ್ರಷ್ಟ ಟಿಬೆಟನ್ನರ ಗುರುತಿನ ಪುಸ್ತಕದ ಅನುವಾದ ಎಂಬ ಹೆಸರಿನ ವರ್ಡ್ ಕಡತ. ಟಿಬೆಟ್ ಪರ ಕೆಲಸ ಮಾಡುವ ಕಚೇರಿಯಲ್ಲಿ ಇದನ್ನು ತೆರೆಯದೆ ಬಿಡುವವರು ಯಾರು? ಆ ಕಡತವನ್ನು 34 ಆಂಟಿವೈರಸ್‌ಗಳಿಗೆ ಒಡ್ಡಿದಾಗ 11 ಮಾತ್ರ ಅದನ್ನು ಗುರುತಿಸಿದವು. ಹೀಗೆ ಒಳಗೆ ಸೇರಿದ ‘ಘೋಸ್ಟ್ ರ‍್ಯಾಟ್’ ಎಂಬ ತಂತ್ರಾಂಶ ಕಡತಗಳನ್ನು ಕದಿಯುವುದಷ್ಟೇ ಅಲ್ಲ, ಕ್ಯಾಮೆರಾ, ಮೈಕ್ ಎರಡನ್ನೂ ದೂರದಿಂದಲೇ ಚಾಲೂ ಮಾಡಬಲ್ಲದಾಗಿತ್ತು.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಹಂತ. ಒಬ್ಬರ ಅಂಚೆಪೆಟ್ಟಿಗೆ ಕೈಗೆ ಸಿಕ್ಕರೆ ಅದರಲ್ಲಿನ ನಿಜವಾದ ಪತ್ರಗಳೇ ಮುಂದಿನವರಿಗೆ ಗಾಳವಾಗುತ್ತವೆ. ಧರ್ಮಶಾಲೆಯಲ್ಲಿ ಕದ್ದ ಇಮೇಲ್‌ನ ಲಗತ್ತನ್ನು ತೆಗೆದು, ಆ ಜಾಗದಲ್ಲಿ ವಿಷಪೂರಿತ ಕಡತ ಇಟ್ಟು ಕಳಿಸಿದ್ದೂ ಉಂಟು. ಒಕ್ಕಣೆ, ಸಂದರ್ಭ ಎಲ್ಲವೂ ಅಸಲಿ. ಅಲ್ಲಿ ಕಾಗುಣಿತದ ತಪ್ಪು ಹುಡುಕಿ ಪ್ರಯೋಜನವಿಲ್ಲ. ಹೀಗೆ ಕೈಯಿಂದ ಕೈಗೆ ದಾಟುತ್ತಾ ಘೋಸ್ಟ್‌ನೆಟ್ ಜಾಲ 103 ದೇಶಗಳ 1,295 ಕಂಪ್ಯೂಟರ್‌ಗಳಿಗೆ ಹಬ್ಬಿತ್ತು. ಹಲವು ದೇಶಗಳ ವಿದೇಶಾಂಗ ಸಚಿವಾಲಯಗಳು ಅದರಲ್ಲಿದ್ದವು, ಭಾರತದ ರಾಯಭಾರ ಕಚೇರಿಗಳೂ ಇದ್ದವು. ಮರುವರ್ಷ ಪತ್ತೆಯಾದ ಇನ್ನೊಂದು ಜಾಲದಲ್ಲಿ ‘ರಹಸ್ಯ’ ಎಂಬ ಗುರುತಿದ್ದ ಭಾರತ ಸರ್ಕಾರದ ದಾಖಲೆಯೇ ಸಿಕ್ಕಿತು.

ಘೋಸ್ಟ್‌ನೆಟ್‌ನ ಹಿಂದೆ ಇದ್ದವರು ಯಾರು? ನಿಯಂತ್ರಣ ಸರ್ವರ್‌ಗಳಲ್ಲಿ ಹೆಚ್ಚಿನವು ಚೀನಾದಲ್ಲಿದ್ದವು. ಆದರೂ ಅಲ್ಲಿನ ಸರ್ಕಾರದ ಕೈವಾಡ ಸಾಬೀತಾಗಿದೆ ಎಂದು ಟೊರಾಂಟೊದವರು ಬರೆಯಲಿಲ್ಲ. ಚೀನಾ ಆರೋಪವನ್ನು ಅಲ್ಲಗಳೆಯಿತು.

ನೌಕರರಿಗೆ ‘ಎಚ್ಚರವಾಗಿರಿ’ ಎಂದು ಸುತ್ತೋಲೆ ಕಳಿಸಿ ಕೈತೊಳೆದುಕೊಳ್ಳುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಟಿಬೆಟನ್ನರು ಕಚೇರಿಯ ರೂಢಿಯನ್ನೇ ಬದಲಿಸಲು ಹೊರಟರು. ಇಮೇಲ್‌ಗೆ ಕಡತ ಲಗತ್ತಿಸಲೇಬೇಡಿ, ಗೂಗಲ್ ಡ್ರೈವ್‌ನಲ್ಲಿಟ್ಟು ಹಂಚಿಕೊಳ್ಳಿ ಎಂಬ ಪ್ರಚಾರ ಅವರಲ್ಲಿ ನಡೆಯಿತು, ಜನ ಕಲಿತರು. ಕಳ್ಳರೂ ಅದನ್ನು ಗಮನಿಸುತ್ತಿದ್ದರು. 2016ರ ಹೊತ್ತಿಗೆ ಲಗತ್ತುಗಳ ಬದಲು ಗೂಗಲ್ ಡ್ರೈವ್‌ನ ಕೊಂಡಿಗಳಂತೆ ಕಾಣುವ ಇಮೇಲ್‌ಗಳು ಬರತೊಡಗಿದವು. ಒತ್ತಿದರೆ ತೆರೆದುಕೊಳ್ಳುತ್ತಿದ್ದುದು ಪಾಸ್‌ವರ್ಡ್ ಕೇಳುವ ನಕಲಿ ಪುಟ. ಅಂಥ ಕಡೆ ಕೆಲಸಕ್ಕೆ ಬರುವುದು ಲಾಗಿನ್ ಆಗಲು ಯುಎಸ್‌ಬಿಗೆ ಸಿಕ್ಕಿಸುವ ಭದ್ರತಾ ಕೀಲಿ. ಪುಟದ ವಿಳಾಸ ಅಸಲಿಯಲ್ಲದಿದ್ದರೆ ಅದು ಉತ್ತರಿಸುವುದೇ ಇಲ್ಲ. ಬಳಸುವವರು ಮೋಸಹೋಗಿ ಪಾಸ್‌ವರ್ಡ್ ಕೊಟ್ಟುಬಿಟ್ಟರೂ ಅಷ್ಟರಿಂದಲೇ ಖಾತೆ ಕಳ್ಳರ ಕೈಸೇರದು.