ಅಮ್ಮಾರ್ 404

ಲ್ಯಾಬ್‌ನಲ್ಲಿ ಯಾವುದಾದರೂ ಸೈಟನ್ನು ತಡೆದಿದ್ದರೆ "ಬ್ಲಾಕ್ ಮಾಡಲಾಗಿದೆ" ಅಂತ ಬರುತ್ತೆ. ನಾವು ಬೈಕೊಂಡು ಸುಮ್ಮನಾಗ್ತೀವಿ. ಆದರೆ ತಡೆದವರೇ "ಅಂಥ ಪುಟವೇ ಇಲ್ಲ" ಎಂದು ಸುಳ್ಳು ಹೇಳಿದರೆ? ಉತ್ತರ ಆಫ್ರಿಕಾದ ಪುಟ್ಟ ದೇಶ ಟುನೀಷಿಯಾದಲ್ಲಿ, ಬೆನ್ ಅಲಿಯ ಆಳ್ವಿಕೆಯಲ್ಲಿ ಹೀಗೇ ಆಗ್ತಿತ್ತು.

ವೆಬ್ ಸರ್ವರ್ 403 ಎಂದು ಉತ್ತರಿಸಿದರೆ "ನೋಡಲು ಅನುಮತಿ ಇಲ್ಲ" ಎಂದರ್ಥ. 404 ಅಂದರೆ "ಪುಟ ಸಿಗಲಿಲ್ಲ". ಟುನೀಷಿಯಾದ ಫಿಲ್ಟರು ಸರ್ಕಾರಕ್ಕೆ ಬೇಡವಾದ ಪುಟಗಳಿಗೆ 403ರ ಬದಲು 404 ತೋರಿಸುತ್ತಿತ್ತು. ತಡೆದಿದ್ದೇವೆ ಎಂದರೆ ಯಾಕೆ ಅಂತ ಕೇಳಬಹುದು. ಇಲ್ಲವೇ ಇಲ್ಲ ಎಂದರೆ ಯಾರನ್ನು ಕೇಳೋದು? ಜನರೇನೂ ಮೋಸ ಹೋಗಲಿಲ್ಲ. ಕಣ್ಣಿಗೆ ಕಾಣದ ಆ ಸೆನ್ಸಾರ್ ಅಧಿಕಾರಿಗೆ "ಅಮ್ಮಾರ್ 404" ಎಂದು ಹೆಸರಿಟ್ಟು ನಕ್ಕರು.

ಇಡೀ ದೇಶವನ್ನು ಹೀಗೆ ತಡೆಯೋದು ಅಷ್ಟು ಸುಲಭವೇ? ಅಲ್ಲಿ ಸುಲಭವಾಗಿತ್ತು. 1996ರಲ್ಲಿ ಶುರುವಾದ ಟುನೀಷಿಯನ್ ಇಂಟರ್ನೆಟ್ ಏಜೆನ್ಸಿಯಿಂದಲೇ ಎಲ್ಲ ಇಂಟರ್ನೆಟ್ ಕಂಪನಿಗಳೂ ಸಂಪರ್ಕ ಪಡೆಯಬೇಕಿತ್ತು. ಒಂದೇ ಬಾಗಿಲಿನ ಕೋಟೆ ಅದು. ಆ ಬಾಗಿಲಲ್ಲಿ ಅಮೆರಿಕದಲ್ಲಿ ತಯಾರಾದ ಸ್ಮಾರ್ಟ್‌ಫಿಲ್ಟರ್ ಎಂಬ ಸಾಫ್ಟ್‌ವೇರನ್ನು ಕೂರಿಸಿದ್ದರು. 2007ರಲ್ಲಿ ಯೂಟ್ಯೂಬ್ ಕೂಡ ಮುಚ್ಚಿತು.

ಬಾಗಿಲಲ್ಲಿ ನಿಂತವನು ತಡೆಯೋದಷ್ಟೇ ಅಲ್ಲ, ಕದಿಯಲೂಬಹುದು. 2010ರ ಡಿಸೆಂಬರ್ 17ರಂದು ತಳ್ಳುಗಾಡಿ ವ್ಯಾಪಾರಿ ಮೊಹಮ್ಮದ್ ಬೊವಾಜೀಜಿ ಬೆಂಕಿ ಹಚ್ಚಿಕೊಂಡ ಮೇಲೆ ಪ್ರತಿಭಟನೆಗಳು ಹಬ್ಬಿದವು; ವಿಡಿಯೊಗಳು ಫೇಸ್‌ಬುಕ್‌ನಲ್ಲಿ ಹರಿದಾಡಿದವು. ಆಗ ಫೇಸ್‌ಬುಕ್, ಜಿಮೇಲ್, ಯಾಹೂಗಳ ಲಾಗಿನ್ ಪುಟಗಳು ಬಳಕೆದಾರರನ್ನು ತಲುಪುವಷ್ಟರಲ್ಲಿ ದಾರಿಯಲ್ಲೇ ಕೆಲವು ಸಾಲು ಜಾವಾಸ್ಕ್ರಿಪ್ಟ್ ಅವುಗಳಿಗೆ ಸೇರಿಕೊಳ್ಳುತ್ತಿತ್ತು. ಬಳಕೆದಾರ ಟೈಪ್ ಮಾಡಿದ ಪಾಸ್‌ವರ್ಡನ್ನು ಅದು ಕದಿಯುತ್ತಿತ್ತು.

ಎಚ್‌ಟಿಟಿಪಿಯಲ್ಲಿ ಬರುವ ಪುಟ ಪೋಸ್ಟ್‌ಕಾರ್ಡ್ ಇದ್ದ ಹಾಗೆ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ಇನ್ನೆರಡು ಸಾಲು ಸೇರಿಸಲೂಬಹುದು. ಎಚ್‌ಟಿಟಿಪಿಎಸ್ ಅಂದರೆ ಮುದ್ರೆ ಒತ್ತಿದ ಲಕೋಟೆ. 2011ರ ಜನವರಿಯಲ್ಲಿ ಫೇಸ್‌ಬುಕ್ ಟುನೀಷಿಯಾದ ಲಾಗಿನ್‌ಗಳನ್ನೆಲ್ಲ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಿತು. ನಡುವೆ ನಿಂತವನಿಗೆ ಸಾಲು ತುರುಕಲು ಜಾಗ ಉಳಿಯಲಿಲ್ಲ.

ಜನವರಿ 13ರ ರಾತ್ರಿ ಬೆನ್ ಅಲಿ ಟಿವಿಯಲ್ಲಿ ನಿರ್ಬಂಧ ತೆಗೆಯುವ ಮಾತು ಕೊಟ್ಟ. ಮುಚ್ಚಿದ್ದ ಸೈಟುಗಳು ಅದೇ ರಾತ್ರಿ ತೆರೆದುಕೊಂಡವು. ಮರುದಿನ ಆತ ದೇಶ ಬಿಟ್ಟು ಓಡಿದ. ವರ್ಷಗಟ್ಟಲೆ "ಸಿಗಲಿಲ್ಲ" ಎನ್ನುತ್ತಿದ್ದ ಪುಟಗಳು ಒಂದೇ ರಾತ್ರಿಯಲ್ಲಿ ಸಿಕ್ಕಿದ್ದು ಹೇಗೆ? ಬಾಗಿಲೂ ಒಂದೇ, ಬೀಗದ ಕೈಯೂ ಒಂದೇ ಆಗಿತ್ತಲ್ಲ.

ಪರೀಕ್ಷೆಯಲ್ಲಿ ನೆಟ್‌ವರ್ಕ್ ಚಿತ್ರ ಬರೆಯುವಾಗ ನಡುವೆ ಒಂದು ಚೌಕ ಹಾಕಿ "ಗೇಟ್‌ವೇ" ಅಂತ ಬರೆದು ಮುಂದೆ ಹೋಗ್ತೀವಿ. ಆ ಚೌಕದ ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಒಮ್ಮೆ ಕೇಳಿಕೊಳ್ಳೋಣ.