ಕಡಲು ದಾಟುವ ಹಣ

ದುಬೈಯಲ್ಲಿ ದುಡಿಯುವ ಮಗನು ಉಡುಪಿಯಲ್ಲಿರುವ ತಾಯಿಗೆ ಬ್ಯಾಂಕಿನ ಮೂಲಕ ಹಣ ಕಳುಹಿಸಿದನೆನ್ನಿ. ನೋಟಿನ ಕಟ್ಟು ಕಡಲು ದಾಟಿ ಬರುವುದೆ? ಇಲ್ಲ, ಒಂದು ನಾಣ್ಯವೂ ಕದಲುವುದಿಲ್ಲ. ಗಡಿ ದಾಟುವುದು ಸಂದೇಶ ಮಾತ್ರ. ಬ್ಯಾಂಕುಗಳು ಒಂದರಲ್ಲೊಂದು ಖಾತೆಗಳನ್ನು ಇಟ್ಟಿರುತ್ತವೆ. ಸಂದೇಶ ತಲಪಿದೊಡನೆ ಒಂದು ಖಾತೆಯಲ್ಲಿ ಕಳೆದು ಮತ್ತೊಂದರಲ್ಲಿ ಕೂಡಿಸುತ್ತವೆ. ಅಂತಹ ಖಾತೆಯಿಲ್ಲದೆಡೆ ಮೂರನೆಯ ಬ್ಯಾಂಕೊಂದು ಮಧ್ಯವರ್ತಿಯಾಗುತ್ತದೆ. ಅದು ತನ್ನ ಶುಲ್ಕವನ್ನು ಮುರಿದುಕೊಳ್ಳುವುದೂ ಉಂಟು.

ಹಿಂದೆ ಈ ಸಂದೇಶಗಳು ಟೆಲೆಕ್ಸ್ ಯಂತ್ರದ ಮೂಲಕ ಹೋಗುತ್ತಿದ್ದುವು. ಅದು ನಿಧಾನ, ತಪ್ಪುಗಳಿಗೂ ಎಡೆಯಿತ್ತು. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಕೂಡಿ ಬೆಲ್ಜಿಯಂ ದೇಶದಲ್ಲಿ ‘ಸ್ವಿಫ್ಟ್’ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿದುವು. 1977ರಲ್ಲಿ ಅದರ ಜಾಲ ಕೆಲಸವನ್ನಾರಂಭಿಸಿತು. ಅಂಚೆಗೆ ವಿಳಾಸವಿರುವಂತೆ ಈ ಜಾಲದಲ್ಲಿ ಪ್ರತಿಯೊಂದು ಬ್ಯಾಂಕಿಗೂ ಒಂದು ಸಂಕೇತವಿದೆ.

ಭಾರತೀಯ ಸ್ಟೇಟ್ ಬ್ಯಾಂಕಿನ ಸಂಕೇತವನ್ನು ನೋಡಿರಿ: ಎಸ್ ಬಿ ಐ ಎನ್, ಐ ಎನ್, ಬಿ ಬಿ. ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನೂ ಮುಂದಿನೆರಡು ಭಾರತವನ್ನೂ ಕೊನೆಯೆರಡು ಮುಂಬಯಿಯನ್ನೂ ಸೂಚಿಸುತ್ತವೆ. ಶಾಖೆಯನ್ನು ಹೇಳಬೇಕಾದಾಗ ಇನ್ನೂ ಮೂರು ಸೇರಿ ಹನ್ನೊಂದಾಗುತ್ತವೆ. ದೇಶದೊಳಗಣ ವರ್ಗಾವಣೆಗೆ ಬಳಸುವ ಐಎಫ್‌ಎಸ್‌ಸಿ ಸಂಕೇತದಲ್ಲಿಯೂ ಹನ್ನೊಂದೇ ಸ್ಥಾನಗಳಿವೆ. ಆದರೆ ಅದು ಬೇರೆ, ಇದು ಬೇರೆ. ಪಾಸ್‌ಪುಸ್ತಕದಲ್ಲಿ ಕಂಡುದನ್ನೇ ಪರದೇಶಕ್ಕೆ ಬರೆದು ಕಳುಹಿಸುವವರು ಪೇಚಿಗೆ ಸಿಲುಕುತ್ತಾರೆ.

ಈ ಸಂಕೇತವು ಬ್ಯಾಂಕನ್ನು ತೋರಿಸುತ್ತದೆಯೇ ಹೊರತು ಆದೇಶವನ್ನು ಬರೆದ ಕೈ ಯಾರದೆಂಬುದನ್ನು ತೋರಿಸಲಾರದು. 2016ರ ಫೆಬ್ರವರಿಯಲ್ಲಿ ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಗಣಕಯಂತ್ರಗಳೊಳಗೆ ನುಸುಳಿ, ಆ ಬ್ಯಾಂಕಿನ ಹೆಸರಿನಲ್ಲಿಯೇ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ 35 ಆದೇಶಗಳನ್ನು ಕಳುಹಿಸಿದರು. ಕೇಳಿದ ಮೊತ್ತ ಸುಮಾರು 95 ಕೋಟಿ ಡಾಲರು! ಐದು ಆದೇಶಗಳು ನಡೆದೇಹೋದುವು. 8.1 ಕೋಟಿ ಡಾಲರು ಫಿಲಿಪೀನ್ಸಿಗೆ ಹರಿಯಿತು. 2 ಕೋಟಿ ಶ್ರೀಲಂಕೆಯತ್ತ ಹೊರಟಿತು. ಆದರೆ ಶ್ರೀಲಂಕೆಯ ಆದೇಶದಲ್ಲಿ ‘ಫೌಂಡೇಶನ್’ ಎಂದಿರಬೇಕಾದೆಡೆ ‘ಫ್ಯಾಂಡೇಶನ್’ ಎಂದಿತ್ತು. ಮಧ್ಯವರ್ತಿ ಬ್ಯಾಂಕು ಸಂಶಯಗೊಂಡು ವಿಚಾರಿಸಿತು; ಆ ಹಣ ಉಳಿಯಿತು. ಫಿಲಿಪೀನ್ಸ್ ಸೇರಿದ ಹಣದ ಬಹುಭಾಗವು ಅಲ್ಲಿಯ ಜೂಜುಮನೆಗಳ ಹಾದಿ ಹಿಡಿಯಿತು. ಅದರಲ್ಲಿ ಆ ವರ್ಷ ಬಾಂಗ್ಲಾದೇಶಕ್ಕೆ ಮರಳಿ ದೊರೆತುದು ಸುಮಾರು ಒಂದೂವರೆ ಕೋಟಿ ಡಾಲರು.