ಲಿಂಫೋಮಾ ಶಂಕೆಯೇ? ಸ್ಕ್ಯಾನ್‌ಗೂ ಮೊದಲು ಬಯಾಪ್ಸಿ

ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಎದ್ದ ಗಡ್ಡೆ ವಾರಗಟ್ಟಲೆ ಇಳಿಯದಿದ್ದರೆ ಲಿಂಫೋಮಾ, ಅಂದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್, ಇರಬಹುದೆಂದು ಬಹಳ ಮಂದಿ ನೇರ ಸ್ಕ್ಯಾನಿಂಗ್ ಸೆಂಟರಿಗೆ ಹೋಗುತ್ತಾರೆ. ಹಾರ್ಮೋನ್ ರಿಸೆಪ್ಟರ್ ಹುಡುಕುವ ಡೋಟಾ ಸ್ಕ್ಯಾನ್ ಆಗಲೇಬೇಕೆಂದು ಪಟ್ಟು ಹಿಡಿಯುವವರೂ ಇದ್ದಾರೆ. ಸೊಮ್ಯಾಟೊಸ್ಟ್ಯಾಟಿನ್ ಹಾರ್ಮೋನಿನ ರಿಸೆಪ್ಟರ್‌ಗಳು ಕೆಲವು ಲಿಂಫೋಮಾ ಕೋಶಗಳ ಮೇಲೂ ಇರುತ್ತವೆ. ಅವುಗಳಿಗೆ ಅಂಟುವ ಗ್ಯಾಲಿಯಂ-68 ಔಷಧ ಚುಚ್ಚಿದರೆ ಆ ಜಾಗ ಹೊಳೆಯುತ್ತದೆ, ನಿಜ. ಆದರೆ ಕ್ಷಯದ ಗಡ್ಡೆಯೂ ಹೊಳೆಯಬಹುದು. ರೋಗ ಯಾವುದೆಂದು ತೀರ್ಮಾನಿಸುವುದು ಬಯಾಪ್ಸಿಯೇ.

ಬಯಾಪ್ಸಿ ಆಗುವವರೆಗೆ ವೈದ್ಯರಿಗೆ ತಿಳಿಸದೆ ಸ್ಟಿರಾಯ್ಡ್ ಮುಟ್ಟಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕೆಮ್ಮು, ಅಲರ್ಜಿ, ಕೀಲುನೋವಿಗೆಂದು ಅಂಗಡಿಯಲ್ಲಿ ಕೊಡುವ ಪುಟ್ಟ ಮಾತ್ರೆಯಲ್ಲಿ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್ ಇರಬಹುದು. ನುಂಗಿದ ಕೆಲವೇ ದಿನಗಳಲ್ಲಿ ಗಡ್ಡೆ ಕರಗಬಹುದು, ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಬಯಾಪ್ಸಿ ಮಾಡಿದರೆ ಸತ್ತ ಕೋಶಗಳಷ್ಟೇ ಸಿಗಬಹುದು. ಲ್ಯಾಬ್ ವರದಿ 'ಖಚಿತವಿಲ್ಲ' ಎನ್ನಬಹುದು. ಆಗ ಗಡ್ಡೆ ಮತ್ತೆ ಬೆಳೆಯುವವರೆಗೆ ಕಾಯಬೇಕಾದೀತು. ನುಂಗಿದ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರ ಮುಂದಿಡಿ. ಹಳೆಯ ಕಾಯಿಲೆಗೆ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ಮಾತ್ರ ತಾವಾಗಿ ನಿಲ್ಲಿಸಬಾರದು.

ಸೂಜಿ ಪರೀಕ್ಷೆಯೊಂದೇ ಸಾಲದು. ಸಾಧ್ಯವಿದ್ದರೆ ಇಡೀ ಗ್ರಂಥಿಯನ್ನೇ ತೆಗೆಸಿ. ಅದರ ಒಂದು ಭಾಗ ಫಾರ್ಮಾಲಿನ್‌ಗೆ, ಇನ್ನೊಂದು ತಾಜಾ ಭಾಗ ಕೋಶಗಳ ಬಗೆ ಗುರುತಿಸುವ ಫ್ಲೋ ಸೈಟೊಮೆಟ್ರಿಗೆ ಹೋಗಬೇಕೇ ಎಂದು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೇಳಿ. ಫಾರ್ಮಾಲಿನ್‌ಗೆ ಬಿದ್ದ ತುಂಡು ಫ್ಲೋಗೆ ಬರುವುದಿಲ್ಲ. ಮಹಿಳೆಯ ಕಂಕುಳಿನ ಗಡ್ಡೆಯಾದರೆ ಅದು ಸ್ತನ ಕ್ಯಾನ್ಸರ್ ಹರಡಿದ್ದೇ ಎಂದು ತಿಳಿಯಲು ಇದೇ ತುಂಡಿನಲ್ಲಿ ಈಸ್ಟ್ರೊಜೆನ್ ರಿಸೆಪ್ಟರನ್ನೂ ನೋಡುತ್ತಾರೆ.

ನಂತರ ಸ್ಕ್ಯಾನ್. ಹೆಚ್ಚಿನ ಲಿಂಫೋಮಾಗಳಿಗೆ ಸಕ್ಕರೆಯಂಥ ಎಫ್‌ಡಿಜಿ ಚುಚ್ಚಿ ಮಾಡುವ ಪೆಟ್-ಸಿಟಿಯೇ ಸರಿ. ಡೋಟಾದಲ್ಲಿ ಗುಲ್ಮ ಸಹಜವಾಗಿಯೇ ಜೋರಾಗಿ ಹೊಳೆಯುವುದರಿಂದ ಅಲ್ಲಿನ ರೋಗ ಮರೆಯಾಗಬಹುದು. ವೈದ್ಯರು ಹೇಳದೆ ಅದಕ್ಕೆ ಹಣ ಸುರಿಯಬೇಡಿ. ಎಫ್‌ಡಿಜಿಗೆ ಸುಮಾರು 6 ತಾಸು ಉಪವಾಸ, ನೀರು ಕುಡಿಯಬಹುದು. ರಕ್ತದ ಸಕ್ಕರೆ 200 ಮಿ.ಗ್ರಾಂ/ಡಿ.ಲೀ. ಒಳಗಿರಲಿ, ಹಿಂದಿನ ದಿನ ಕಠಿಣ ವ್ಯಾಯಾಮ ಬೇಡ. ಗರ್ಭಿಣಿಯರು, ಹಾಲೂಡಿಸುವವರು ಮೊದಲೇ ತಿಳಿಸಿ. ವೈದ್ಯರು ಡೋಟಾ ಹೇಳಿದ್ದರೆ ಹೇಳಿದ ಹೊತ್ತಿಗೆ ತಲುಪಿ: ಅದರ ಗ್ಯಾಲಿಯಂ-68 ಪ್ರತಿ 68 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ.

ಬಯಾಪ್ಸಿಯ ಮೇಣದ ಬ್ಲಾಕ್, ಸ್ಲೈಡ್, ಸ್ಕ್ಯಾನ್ ಸಿ.ಡಿ. ಜೋಪಾನವಾಗಿಡಿ. ಎರಡನೇ ಅಭಿಪ್ರಾಯ ಬೇಕೆನಿಸಿದಾಗ ಕೇಳುವುದು ಇವನ್ನೇ.